ಜಾಲಪುಟದ ರಚನೆಯಲ್ಲಿ ಆಪದ್ಧರ್ಮ

ಸಂಸಾರಿಗಳ ವಾಚನಕ್ಕೆಂದು ಹೊರಡುವ ಮಾಸಪತ್ರಿಕೆಯಲ್ಲಿ ಗಣಕಯಂತ್ರದ ಒಳಗಿನ ಸಂಗತಿಗಳನ್ನು ಎತ್ತಿಕೊಳ್ಳುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಲಗ್ನಪತ್ರಿಕೆ, ಮಕ್ಕಳ ಪರೀಕ್ಷೆಯ ಫಲಿತಾಂಶ, ರೈಲಿನ ವೇಳೆ, ಪಹಣಿಯ ನಕಲು, ಇವೆಲ್ಲವೂ ಇಂದು ಜಾಲಪುಟಗಳ ಮೂಲಕವೇ ಮನೆಯೊಳಕ್ಕೆ ಬರುತ್ತಿರುವುವು. ಆ ಪುಟಗಳನ್ನು ಕಟ್ಟುವ ವಿದ್ಯೆಯನ್ನು ಕಲಿಯುತ್ತಿರುವ ಹುಡುಗನೋ ಹುಡುಗಿಯೋ ಊರಿಗೆ ಹತ್ತು ಮಂದಿಯಾದರೂ ಇರುವರು. ಮನೆ ಕಟ್ಟುವ ಮೇಸ್ತ್ರಿಯ ನೀತಿಯು ಆ ಮನೆಯಲ್ಲಿ ವಾಸಿಸುವವರಿಗೆ ಹೇಗೆ ಸಂಬಂಧಪಟ್ಟದ್ದೋ, ಪುಟ ಕಟ್ಟುವವರ ನೀತಿಯು ಅದನ್ನು ಓದುವ ನಮಗೂ ಹಾಗೆಯೇ ಸಂಬಂಧಪಟ್ಟದ್ದು.

ಈ ವಿದ್ಯೆಯನ್ನು ಅಭ್ಯಾಸಮಾಡುವ ತರುಣರ ಬಾಯಲ್ಲಿ ‘ಹ್ಯಾಕ್’ ಎಂಬ ಮಾತು ಪದೇ ಪದೇ ಕೇಳಬರುವುದು. ಇಂಗ್ಲಿಷಿನಲ್ಲಿ ಆ ಶಬ್ದದ ಮೂಲಾರ್ಥವು ಕೊಚ್ಚುವುದು, ಒರಟಾಗಿ ಕಡಿಯುವುದು. ಪರರ ಯಂತ್ರದೊಳಕ್ಕೆ ಕನ್ನ ಹಾಕುವುದು ಎಂಬ ಅರ್ಥವೂ ಅದಕ್ಕೆ ಉಂಟು. ಅದು ಪ್ರಕೃತ ವಿಷಯವಲ್ಲ. ಸರಿಯಾದ ಸಾಧನವಿಲ್ಲದೆಡೆ ಮತ್ತೊಂದು ಉದ್ದೇಶಕ್ಕಾಗಿ ಇದ್ದ ಸಾಧನವನ್ನು ಹೇಗೋ ಬಗ್ಗಿಸಿ ಕೆಲಸ ನಡೆಸಿಕೊಳ್ಳುವ ಯುಕ್ತಿಗೆ ಅವರು ಆ ಹೆಸರನ್ನು ಕೊಡುವರು. ನಮ್ಮ ಮನೆಮಾತಿನ ‘ತೇಪೆ’ ಎಂಬುದು ಇದಕ್ಕೆ ಸಾಕಷ್ಟು ಹತ್ತಿರವಾದುದು. ಇದರ ಎದುರಿಗೆ ಬಲ್ಲವರು ಒಪ್ಪಿದ ಕ್ರಮವಾದ ರೀತಿಯನ್ನು ಸತ್ಪದ್ಧತಿ ಎನ್ನೋಣ. ಯಾವುದು ತೇಪೆ, ಯಾವುದು ಸತ್ಪದ್ಧತಿ ಎಂಬುದಕ್ಕೆ ಲಕ್ಷಣವೇನು? ‘ಕೆಲಸ ನಡೆದರೆ ಸಾಕು’ ಎನ್ನುವವರು ಒಂದು ಕಡೆ. ‘ತೇಪೆ ಎಂಬುದೆಲ್ಲವೂ ಪಾಪ’ ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತುಗಳೂ ಪೂರ್ಣವಲ್ಲವೆಂದು ನಮಗೆ ತೋರುವುದು.

ಛಾಂದೋಗ್ಯೋಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ ಉಷಸ್ತಿ ಚಾಕ್ರಾಯಣನೆಂಬ ಬ್ರಾಹ್ಮಣನ ಕಥೆಯೊಂದುಂಟು. ಕುರುದೇಶದಲ್ಲಿ ಪೈರು ಹಾಳಾಗಿ ಕ್ಷಾಮ ಬಂದಿತು. ಉಷಸ್ತಿಯು ಹೆಂಡತಿಯೊಡನೆ ಊರು ಬಿಟ್ಟು ಬಂದು, ಮಾವುತನೊಬ್ಬನು ಕೀಳುತರದ ಉದ್ದನ್ನು ತಿನ್ನುತ್ತಿರುವುದನ್ನು ಕಂಡು ಭಿಕ್ಷೆ ಬೇಡಿದನು. ‘ನನ್ನ ಮುಂದಿರುವ ಈ ಎಂಜಲಿನ ಹೊರತು ಬೇರೆ ಇಲ್ಲ’ ಎಂದನು ಮಾವುತ. ‘ಅದನ್ನೇ ಕೊಡು’ ಎಂದು ಉಷಸ್ತಿಯು ತೆಗೆದುಕೊಂಡನು. ಬಳಿಕ ಮಾವುತನು ನೀರನ್ನೂ ಕೊಡಲು ಬಂದಾಗ, ಅದು ಎಂಜಲು, ಒಲ್ಲೆನೆಂದನು. ಉದ್ದು ಎಂಜಲಲ್ಲವೇ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರದ ಸಾರವಿದು: ಉದ್ದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೋ ನನಗೆ ಬೇಕಾದೆಡೆ ದೊರೆಯುವುದು.

ಆಪದ್ಧರ್ಮದ ತಿರುಳೆಲ್ಲವೂ ಈ ಚಿಕ್ಕ ಕಥೆಯಲ್ಲಿ ಅಡಗಿರುವುದು. ಉಷಸ್ತಿಯು ಎಂಜಲನ್ನು ಎಂಜಲೆಂದು ಬಲ್ಲನು. ಶುದ್ಧಾನ್ನವೆಂದು ತನ್ನನ್ನೂ ಇತರರನ್ನೂ ವಂಚಿಸಿಕೊಳ್ಳಲಿಲ್ಲ. ಗತ್ಯಂತರವಿಲ್ಲದ ಕಡೆ ಮಾತ್ರ ನಿಯಮವನ್ನು ಮೀರಿದನು. ಗತ್ಯಂತರವಿದ್ದ ಕೂಡಲೇ ನಿಯಮಕ್ಕೆ ಹಿಂದಿರುಗಿದನು. ಜಾಲಪುಟಗಳ ತೇಪೆಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದೆಂಬುದೇ ನಮ್ಮ ಅಭಿಪ್ರಾಯವು.

ಜಾಲಪುಟವೆಂಬುದು ಹುಟ್ಟಿದ್ದು ಜಿನೀವಾ ನಗರದ ಬಳಿಯ ‘ಸರ್ನ್’ ಎಂಬ ಭೌತಶಾಸ್ತ್ರದ ಸಂಶೋಧನಾಲಯದಲ್ಲಿ. ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಅದರ ಯೋಜನೆಯನ್ನು ಮುಂದಿಟ್ಟರು. 1991ರಲ್ಲಿ ಅದು ಹೊರಜಗತ್ತಿಗೆ ತೆರೆಯಿತು. ಪುಟವನ್ನು ಬರೆಯಲು ಅವರು ಕಲ್ಪಿಸಿದ ಎಚ್.ಟಿ.ಎಂ.ಎಲ್. ಎಂಬ ಸಂಕೇತಭಾಷೆಯಲ್ಲಿ ಪ್ರತಿಯೊಂದು ಭಾಗಕ್ಕೂ ಅದು ಏನೆಂಬುದನ್ನು ಹೇಳುವ ಗುರುತುಂಟು: ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ, ಎಂಬುದಾಗಿ. ಅದು ಹೇಗೆ ಕಾಣಬೇಕೆಂಬುದು ಎರಡನೆಯ ಮಾತು. ವ್ಯಾಕರಣದಲ್ಲಿ ‘ಇದು ಕರ್ತೃ, ಇದು ಕರ್ಮ’ ಎಂದು ಪದಗಳ ಸಂಬಂಧವನ್ನು ಹೇಳುವೆವೇ ಹೊರತು ಯಾವ ಬಣ್ಣದ ಮಸಿಯಲ್ಲಿ ಬರೆಯಬೇಕೆಂದು ಹೇಳುವುದಿಲ್ಲವಷ್ಟೆ.

ಆದರೆ ಪುಟಗಳು ವಿದ್ವಾಂಸರ ಕೈಯಿಂದ ವ್ಯಾಪಾರಿಗಳ ಕೈಗೂ ಚಿತ್ರಕಾರರ ಕೈಗೂ ಬಂದಾಗ ಅಂದದ ಆಸೆ ಬೆಳೆಯಿತು. ಎಡಕ್ಕೊಂದು ಅಂಕಣ, ನಡುವೆ ವಿಷಯ, ಬಲಕ್ಕೆ ಜಾಹೀರಾತು ಬೇಕಾಯಿತು. ಹಾಗೆ ಜೋಡಿಸುವ ಸಾಧನವು ಆ ಭಾಷೆಯಲ್ಲಿರಲಿಲ್ಲ. ಅಂಕಿಅಂಶಗಳನ್ನು ತೋರಿಸಲು ಕೋಷ್ಟಕದ ಗುರುತೊಂದಿತ್ತು. ಜಾಣರು ಅದನ್ನೇ ತೆಗೆದುಕೊಂಡು, ಪುಟವೆಲ್ಲವನ್ನೂ ಗೆರೆಯಿಲ್ಲದ ಒಂದು ದೊಡ್ಡ ಕೋಷ್ಟಕವಾಗಿ ಮಾಡಿ, ಅದರ ಮನೆಗಳಲ್ಲಿ ಬರಹವನ್ನೂ ಚಿತ್ರಗಳನ್ನೂ ತುಂಬಿದರು. ನಡುವೆ ಜಾಗ ಬಿಡಬೇಕಾದಾಗ ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರವನ್ನಿಟ್ಟು ಬೇಕಾದಷ್ಟು ಹಿಗ್ಗಿಸಿದರು. ಈ ಯುಕ್ತಿಗಳನ್ನು 1996ರಲ್ಲಿ ಪುಸ್ತಕದ ಮೂಲಕ ಬಹಳವಾಗಿ ಪ್ರಚಾರಮಾಡಿದ ಡೇವಿಡ್ ಸೀಗಲ್ ಎಂಬವರೇ ಮರುವರ್ಷ ಲೇಖನವೊಂದನ್ನು ಬರೆದು, ಜಾಲವು ಕೆಟ್ಟಿತು, ಕೆಡಿಸಿದವನು ನಾನೇ ಎಂಬುದಾಗಿ ತಲೆಬರಹವಿಟ್ಟರು.

ನೋಡುವವರಿಗೆ ಪುಟವು ಅಂದವಾಗಿಯೇ ಇದ್ದಿತು, ಹಾಗಾದರೆ ಕೆಟ್ಟದ್ದೇನು? ದೃಷ್ಟಿಯಿಲ್ಲದವರು ಗಣಕಯಂತ್ರವನ್ನು ಬಳಸುವಾಗ ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶವು ಪುಟವನ್ನು ಗಟ್ಟಿಯಾಗಿ ಓದಿ ಹೇಳುವುದು. ಅದಕ್ಕೆ ಅಂದವು ಕಾಣದು; ಒಳಗಿನ ಗುರುತುಗಳೇ ಅದಕ್ಕೆ ದಾರಿ. ‘ಇದು ಕೋಷ್ಟಕ’ ಎಂದು ಗುರುತು ಹೇಳಿದರೆ ಅದು ಕೋಷ್ಟಕವೆಂದೇ ನಂಬಿ ಇಷ್ಟು ಸಾಲು, ಇಷ್ಟು ಕಂಬವೆಂದು ಸಾರತೊಡಗುವುದು. ಕೋಷ್ಟಕದೊಳಗೆ ಕೋಷ್ಟಕವಿದ್ದರೆ ಕೇಳುವವರ ಪಾಡು ಹೇಳತೀರದು. 1999ರಲ್ಲಿ ಹೊರಟ ಸುಗಮ್ಯತೆಯ ಮೊದಲ ಮಾರ್ಗಸೂಚಿಯು ಈ ಕಷ್ಟವನ್ನು ಬಲ್ಲುದಾಗಿತ್ತು. ಸಾಲಾಗಿ ಓದಿದಾಗ ಅರ್ಥವಾಗದಿದ್ದರೆ ಪುಟದ ವಿನ್ಯಾಸಕ್ಕೆ ಕೋಷ್ಟಕವನ್ನು ಬಳಸಬೇಡಿರೆಂದು ಅದು ಹೇಳಿತು. ಪೂರ್ಣವಾಗಿ ನಿಷೇಧಿಸಲಿಲ್ಲವೆಂಬುದನ್ನು ಗಮನಿಸಬೇಕು. ಅಂದಿನ ಕ್ಷಾಮವು ಇನ್ನೂ ಮುಗಿದಿರಲಿಲ್ಲ. ಮುಂದೆ ಅಂಗೈಯಗಲದ ದೂರವಾಣಿಗಳಲ್ಲಿ ಪುಟಗಳನ್ನು ನೋಡುವ ಕಾಲ ಬಂದಾಗ, ಕಣ್ಣುಳ್ಳವರಿಗೂ ಈ ಕೋಷ್ಟಕಗಳು ತೊಡಕಾದುವು. ಅಗಲವನ್ನು ಗಟ್ಟಿಯಾಗಿ ಕಟ್ಟಿದ ಪುಟವು ಕಿರುತೆರೆಯಲ್ಲಿ ಮಡಿಸಿಕೊಳ್ಳಲಾರದು.

ಸತ್ಪದ್ಧತಿಯ ದಾರಿಯನ್ನು ತೆರೆದುದು ಸಿ.ಎಸ್.ಎಸ್. ಎಂಬ ಅಲಂಕಾರದ ಭಾಷೆ. ಹೋಕನ್ ವಿಯಮ್ ಲೀ ಎಂಬವರು 1994ರಲ್ಲಿ ಸೂಚಿಸಿದ ಇದು 1996ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಅಧಿಕೃತವಾಯಿತು. ವಿಷಯವೇನೆಂಬುದು ಎಚ್.ಟಿ.ಎಂ.ಎಲ್.ನಲ್ಲಿಯೂ ಅದು ಕಾಣುವ ಬಗೆಯು ಸಿ.ಎಸ್.ಎಸ್.ನಲ್ಲಿಯೂ ಇರತಕ್ಕದ್ದು ಎಂಬ ವಿಭಾಗವು ಇದರಿಂದ ಸಾಧ್ಯವಾಯಿತು. ಆದರೆ ಶಾಸ್ತ್ರವು ಒಂದಿದ್ದರೂ ವ್ಯಾಖ್ಯಾನಕಾರರು ಬೇರೆಬೇರೆಯಾದರು. 300 ಬಿಂದುಗಳಷ್ಟು ಅಗಲದ ಒಂದು ಪೆಟ್ಟಿಗೆ, ಎರಡು ಪಕ್ಕಕ್ಕೂ 20ರಂತೆ ಒಳ ಅಂತರ, 5ರಂತೆ ಅಂಚು ಎಂದು ಬರೆದರೆ, ಶಾಸ್ತ್ರದಂತೆ ಒಟ್ಟು ಅಗಲವು 350 ಆಗಬೇಕು. ಮೈಕ್ರೋಸಾಫ್ಟಿನವರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಎಂಬ ಬ್ರೌಸರು ವಿಂಡೋಸ್ ಯಂತ್ರಗಳಲ್ಲಿ ಅಂತರವನ್ನೂ ಅಂಚನ್ನೂ ಆ 300ರ ಒಳಗೇ ಲೆಕ್ಕ ಹಾಕುತ್ತಿತ್ತು. ಒಂದೇ ಪುಟವು ಎರಡು ಬ್ರೌಸರುಗಳಲ್ಲಿ ಎರಡು ತೆರನಾಗಿ ಕಾಣುತ್ತಿತ್ತು.

ಇದಕ್ಕೆ ಟಾಂಟೆಕ್ ಚೆಲಿಕ್ ಎಂಬ ವಿದ್ವಾಂಸರು ಕಂಡುಹಿಡಿದ ತೇಪೆಯು ಪ್ರಸಿದ್ಧವಾದುದು. ಪುಟವನ್ನು ಓದಿ ಹೇಳುವ ಧ್ವನಿಯು ಯಾವುದಿರಬೇಕೆಂದು ಸೂಚಿಸುವುದಕ್ಕೆ ಸಿ.ಎಸ್.ಎಸ್.ನಲ್ಲಿ ಒಂದು ಗುಣವಿತ್ತು. ಅದರ ಬೆಲೆಯಾಗಿ ಉದ್ಧರಣ ಚಿಹ್ನೆಗಳ ನಡುವೆ ಒಂದು ಮುಚ್ಚುವ ಆವರಣವನ್ನಿಟ್ಟರೆ, ಆ ಬ್ರೌಸರು ನಿಯಮವು ಅಲ್ಲಿಗೇ ಮುಗಿಯಿತೆಂದು ಭ್ರಮಿಸಿ ಮುಂದಿನದನ್ನು ಓದದೆ ಬಿಡುತ್ತಿತ್ತು. ಉಳಿದ ಬ್ರೌಸರುಗಳು ಮುಂದೆ ಓದಿ ಸರಿಯಾದ ಅಗಲವನ್ನು ಹಿಡಿಯುತ್ತಿದ್ದುವು. ಧ್ವನಿಗೆಂದು ಇದ್ದ ಸಾಧನವು ಪೆಟ್ಟಿಗೆಯ ಅಗಲವನ್ನು ತಿದ್ದುವುದಕ್ಕೆ ಒದಗಿತು! ಅರಿಯದವನು ಆ ಸಾಲನ್ನು ಕಂಡರೆ ಅದು ಏತಕ್ಕೆಂದು ಊಹಿಸುವುದೂ ಅಸಾಧ್ಯ. ಇಂತಹ ಒಳದಾರಿಗಳು ಬ್ರೌಸರಿನ ತಪ್ಪನ್ನೇ ಆಧಾರವಾಗಿ ಹಿಡಿದುವು. ತಪ್ಪು ತಿದ್ದಿದ ದಿನ ಆಧಾರವೇ ಕುಸಿಯುವುದು. ಹಾಗೆಯೇ ಆಯಿತು. 2005ರಲ್ಲಿ, ಏಳನೆಯ ಆವೃತ್ತಿಯು ಬರುವ ಮುನ್ನ, ಮೈಕ್ರೋಸಾಫ್ಟಿನ ಬ್ರೌಸರು ತಂಡದವರೇ ‘ನಿಮ್ಮ ಪುಟಗಳಲ್ಲಿರುವ ತೇಪೆಗಳನ್ನು ದಯವಿಟ್ಟು ತೆಗೆಯಿರಿ’ ಎಂಬರ್ಥದ ವಿನಂತಿಯನ್ನು ಪುಟಕಾರರಿಗೆ ಮಾಡಬೇಕಾಯಿತು.

ಅದೇ ಕಾಲದಲ್ಲಿ ಮತ್ತೊಂದು ಉಪಾಯವೂ ಇತ್ತು. ಆ ಬ್ರೌಸರಿನ ಇಂತಿಂತಹ ಆವೃತ್ತಿಗೆ ಮಾತ್ರ ಅನ್ವಯಿಸುವುದೆಂದು ಹೆಸರಿಟ್ಟು ಹೇಳುವ ಷರತ್ತಿನ ಟಿಪ್ಪಣಿ ಅದು. ಅದರೊಳಗೆ ಬೇರೆ ಕಡತವೊಂದನ್ನು ಸೇರಿಸಿ ತಿದ್ದುಪಡಿಗಳನ್ನೆಲ್ಲ ಅಲ್ಲಿಯೇ ಇಡಬಹುದಾಗಿತ್ತು. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಈ ಎರಡಕ್ಕೂ ಇರುವ ಭೇದವು ಒಡನೆಯೇ ಹೊಳೆಯುವುದು. ಪಾಣಿನಿಯಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗವೆಂದೂ ಅದನ್ನು ಬಾಧಿಸುವ ವಿಶೇಷಕ್ಕೆ ಅಪವಾದವೆಂದೂ ಹೆಸರು. ಅಪವಾದಕ್ಕೆ ಎಲ್ಲೆಯುಂಟು, ಆ ಎಲ್ಲೆಯ ಹೊರಗೆ ಉತ್ಸರ್ಗವೇ ರಾಜ. ಯಾವ ಸೂತ್ರಕ್ಕೂ ಸಿಕ್ಕದ ‘ಪೃಷೋದರ’ ಮೊದಲಾದ ಶಬ್ದಗಳನ್ನೂ ಆತನು ಕದ್ದು ಒಳಗೆ ಸೇರಿಸದೆ, ಶಿಷ್ಟರು ಬಳಸುವಂತೆಯೇ ಅವು ಸಾಧುಗಳೆಂದು ಬಹಿರಂಗವಾಗಿ ಒಂದು ಗಣದಲ್ಲಿ ಇಟ್ಟನು. ಷರತ್ತಿನ ಟಿಪ್ಪಣಿಯು ಇಂತಹ ಅಪವಾದ. ಹಳೆಯ ಬ್ರೌಸರು ಅಳಿದ ದಿನ ಆ ಒಂದು ಸಾಲನ್ನು ಕಿತ್ತುಹಾಕಿದರೆ ಪುಟವು ಶುದ್ಧವಾಗುವುದು. ಆ ಬ್ರೌಸರನ್ನು ತಯಾರಕರು 2022ರ ಜೂನ್ ತಿಂಗಳಲ್ಲಿ ನಿವೃತ್ತಗೊಳಿಸಿದರು. ನಿಯಮಗಳ ನಡುವೆ ಹೊಲಿದುಹೋದ ತೇಪೆಗಳನ್ನಾದರೋ ಹುಡುಕಿ ಬಿಚ್ಚುವ ಶ್ರಮವು ಹಿಂದಿನವರಿಂದ ಮುಂದಿನವರ ತಲೆಗೆ ಬಂದಿತು.

ಇಲ್ಲಿ ವಿನೋದದ ಸಂಗತಿಯೊಂದುಂಟು. ಪೆಟ್ಟಿಗೆಯ ಅಗಲದಲ್ಲಿಯೇ ಅಂತರವನ್ನೂ ಅಂಚನ್ನೂ ಲೆಕ್ಕಹಾಕುವ ಆ ರೀತಿ, ಹಿಂದೆ ತಪ್ಪೆನಿಸಿದ್ದು, ಬಳಕೆಗೆ ಅನುಕೂಲವೆಂದು ಕಂಡುಬಂದುದರಿಂದ, ಬೇಕಾದವರು ಆರಿಸಿಕೊಳ್ಳಬಹುದಾದ ಒಂದು ಗುಣವಾಗಿ ಶಾಸ್ತ್ರದಲ್ಲಿಯೇ ಸೇರಿತು. ಇಂದು ಅನೇಕ ಪುಟಕಾರರು ಮೊದಲ ಸಾಲಿನಲ್ಲಿಯೇ ಅದನ್ನು ಬರೆಯುವರು. ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಇದೆ. ಚಿತ್ರದ ಪಕ್ಕದಲ್ಲಿ ಬರಹವು ಹರಿಯಲೆಂದು ಇದ್ದ ‘ಫ್ಲೋಟ್’ ಎಂಬ ಗುಣದಿಂದ ಇಡೀ ಪುಟದ ಅಂಕಣಗಳನ್ನು ಜೋಡಿಸುವುದು ಬಹುಕಾಲ ಸತ್ಪದ್ಧತಿಯೆಂದೇ ಬೋಧಿಸಲ್ಪಡುತ್ತಿತ್ತು. 2017ರಲ್ಲಿ ‘ಗ್ರಿಡ್’ ಎಂಬ ನಿಜವಾದ ಜೋಡಣೆಯ ಸಾಧನವು ಪ್ರಮುಖ ಬ್ರೌಸರುಗಳಿಗೆಲ್ಲ ಬಂದ ಮೇಲೆ ಅದೇ ಕ್ರಮವು ತೇಪೆಯೆನಿಸಿತು. ಆದುದರಿಂದ ತೇಪೆಯೆಂಬುದು ವಸ್ತುವಿನಲ್ಲಿರುವ ಕಲೆಯಲ್ಲ. ಕಾಲವನ್ನೂ ಅಗತ್ಯವನ್ನೂ ನೋಡಿ ನಿರ್ಣಯಿಸತಕ್ಕದ್ದು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಕನ್ನಡವು ಜಾಲಪುಟಗಳಲ್ಲಿ ಮೊದಲು ಮೂಡಿದುದೇ ಒಂದು ತೇಪೆಯಿಂದ. ಅಂದಿನ ಯಂತ್ರಗಳಲ್ಲಿ ಅಕ್ಷರಗಳಿಗೆ 256 ಸ್ಥಾನಗಳು ಮಾತ್ರ ಇದ್ದುವು. ಅವೂ ರೋಮನ್ ಲಿಪಿಯ ವಶದಲ್ಲಿದ್ದುವು. ಕಾಗುಣಿತವೂ ಒತ್ತಕ್ಷರಗಳೂ ಅಷ್ಟರಲ್ಲಿ ಹಿಡಿಸಲಾರವು. ಆಗ ನಮ್ಮವರು ಅಕ್ಷರಗಳನ್ನು ತಲೆಕಟ್ಟು, ಒಡಲು, ಕೊಂಬು, ಒತ್ತು ಎಂದು ತುಂಡುಮಾಡಿ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಆ ತುಂಡುಗಳ ಚಿತ್ರಗಳನ್ನು ಕೂರಿಸಿ ಫಾಂಟುಗಳನ್ನು ಮಾಡಿದರು. ‘ನುಡಿ’ಯ ಹಳೆಯ ಸಂಕೇತಕ್ರಮದಲ್ಲಿ ‘ಕ’ ಎಂದು ತೆರೆಯ ಮೇಲೆ ಕಾಣುವುದು ಯಂತ್ರದ ಸ್ಮೃತಿಯಲ್ಲಿ ರೋಮನ್ ‘ಪಿ’, ಅದರ ಹಿಂದೆ ನೆತ್ತಿಯಲ್ಲಿ ಗೀಟು ಹೊತ್ತ ‘ಎ’. ‘ಕಿ’ ಎಂಬುದು ಅದಕ್ಕೆ ಸಂಬಂಧವೇ ಇಲ್ಲದ ‘ಕ್ಯೂ’. ಕಣ್ಣಿಗೆ ಅಚ್ಚಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಹೀಗೆ ಮಾಡಿದವರನ್ನು ನಾವು ಎಂದಿಗೂ ಹಳಿಯಲಾರೆವು. ಅವರ ಜಾಣ್ಮೆಯಿಲ್ಲದಿದ್ದರೆ 1990ರ ದಶಕದಲ್ಲಿ ಪರದೇಶದಲ್ಲಿದ್ದ ಕನ್ನಡಿಗನು ತೆರೆಯ ಮೇಲೆ ತಾಯ್ನುಡಿಯ ಸುದ್ದಿಯನ್ನು ಓದುವಂತಿರಲಿಲ್ಲ. ಅದು ಕ್ಷಾಮದಲ್ಲಿ ತಿಂದ ಉದ್ದು, ಪ್ರಾಣವನ್ನು ಉಳಿಸಿತು.

ಆದರೆ ಶುದ್ಧವಾದ ನೀರು ಹತ್ತಿರದಲ್ಲಿಯೇ ಹರಿಯತೊಡಗಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ನೆಲೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯು 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಬಂದು, ಸಾಮಾನ್ಯರ ಮನೆಯ ಯಂತ್ರದಲ್ಲಿಯೂ ಯೂನಿಕೋಡ್ ಕನ್ನಡವು ಮೂಡಿತು. ಇದರ ತತ್ತ್ವವು ಶಿಕ್ಷಾಶಾಸ್ತ್ರವನ್ನು ಬಲ್ಲವರಿಗೆ ಬಲು ಪ್ರಿಯವಾಗತಕ್ಕದ್ದು. ಇಲ್ಲಿ ಸಂಗ್ರಹವಾಗುವುದು ಆಕಾರವಲ್ಲ, ವರ್ಣ. ‘ಅರ್ಕ’ ಎಂದು ಬರೆಯುವಾಗ ಅರ್ಕಾವತ್ತು ಕಣ್ಣಿಗೆ ಕಕಾರದ ಬಲಕ್ಕೆ ಕಂಡರೂ ಯಂತ್ರದ ಸ್ಮೃತಿಯಲ್ಲಿ ಅಕಾರ, ರಕಾರ, ಹಲಂತದ ಚಿಹ್ನೆ, ಕಕಾರ ಎಂದು ಉಚ್ಚಾರಣೆಯ ಕ್ರಮದಲ್ಲಿಯೇ ನಿಲ್ಲುವುದು. ತೋರಿಕೆಯ ಭಾರವನ್ನು ಫಾಂಟು ಹೊರುವುದು. ಆದಕಾರಣ ಪದಗಳನ್ನು ಅಕಾರಾದಿಯಾಗಿ ಜೋಡಿಸಬಹುದು, ಹುಡುಕಬಹುದು, ಯಂತ್ರದಿಂದ ಓದಿಸಬಹುದು.

ಹೀಗಿದ್ದರೂ ಹಳೆಯ ಸಂಕೇತದ ಬರಹವು ಇಂದಿಗೂ ಕೆಲವೆಡೆ ಮುಂದುವರಿದಿರುವುದು. ಮುದ್ರಣಾಲಯದ ಹಳೆಯ ತಂತ್ರಾಂಶಕ್ಕೆ ಬೇರೆ ಗತಿಯಿಲ್ಲವೆಂದರೆ ಒಪ್ಪೋಣ. ಆದರೆ ಆ ಬರಹವನ್ನು ಪರಿವರ್ತಿಸದೆ ಹಾಗೆಯೇ ಜಗತ್ತಿಗೆ ಹಂಚುವುದು, ನದಿಯ ದಡದಲ್ಲಿ ನಿಂತು ಎಂಜಲು ನೀರನ್ನು ಕುಡಿದಂತೆ. ಅದರ ಫಲವನ್ನು ಉಣ್ಣುವವರು ಯಾರು? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ದೃಷ್ಟಿಯಿಲ್ಲದವರೊಬ್ಬರಿರುವರು. ಯೂನಿಕೋಡಿನಲ್ಲಿರುವ ಕನ್ನಡ ಕಥೆಯನ್ನು ಅವರ ಯಂತ್ರವು ಓದುವಾಗ ಅವರು ನಗುವುದನ್ನೂ ಕಣ್ಣೊರಸಿಕೊಳ್ಳುವುದನ್ನೂ ನಾವು ಕಂಡಿದ್ದೇವೆ. ಹಳೆಯ ಸಂಕೇತದ ಕಡತವನ್ನು ಕೊಟ್ಟರೆ ಅದೇ ಯಂತ್ರವು ರೋಮನ್ ಅಕ್ಷರಗಳನ್ನು ಒಂದೊಂದಾಗಿ ಬಡಬಡಿಸುವುದು. ನಾವು ಬಲ್ಲ ಇನ್ನೊಂದು ಮನೆಯಲ್ಲಿ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಮದುವೆಯ ಹಾಡುಗಳ ಕಡತವೊಂದಿತ್ತು. ಅಜ್ಜಿ ತೀರಿಕೊಂಡು ಹಲವು ವರ್ಷಗಳಾದ ಮೇಲೆ ಮೊಮ್ಮಗಳು ಹೊಸ ಯಂತ್ರದಲ್ಲಿ ಅದನ್ನು ತೆರೆದಾಗ, ಯಾವ ಫಾಂಟಿನಿಂದ ಬರೆದುದೆಂದು ಹೇಳುವವರು ಮನೆಯಲ್ಲಿ ಉಳಿದಿರಲಿಲ್ಲ. ಒಂದೊಂದಾಗಿ ಪ್ರಯೋಗಿಸಿ ಪರಿವರ್ತಿಸುವುದಕ್ಕೆ ಅವಳಿಗೆ ಒಂದು ತಿಂಗಳು ಹಿಡಿಯಿತು. ಆದರೂ ಕೆಲವು ಒತ್ತಕ್ಷರಗಳು ಊಹೆಗೇ ಉಳಿದುವು.

ತೇಪೆಯ ಮನೋಧರ್ಮವು ಎಷ್ಟು ಸೂಕ್ಷ್ಮವಾಗಿ ನುಸುಳಬಲ್ಲುದೆಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. ಅನುಸ್ವಾರವನ್ನು ‘ಸೊನ್ನೆ’ಯೆಂದೇ ಕರೆಯುವುದು ನಮ್ಮ ಶಾಲೆಗಳ ರೂಢಿ. ಯೂನಿಕೋಡಿನಲ್ಲಿಯಾದರೋ ಅನುಸ್ವಾರದ ಸಂಖ್ಯೆಯು 3202. ಕನ್ನಡದ ಅಂಕೆಯಾದ ಸೊನ್ನೆಯ ಸಂಖ್ಯೆಯು 3302. ಕಣ್ಣಿಗೆ ಎರಡೂ ದುಂಡಗೆ ಒಂದೇ ತೆರನಾಗಿ ಕಾಣುವುದರಿಂದ ‘ಕಂಬ’ ಎಂಬಲ್ಲಿ ಅಂಕೆಯನ್ನೊತ್ತಿ ‘ಕ೦ಬ’ ಎಂದು ಬರೆಯುವವರುಂಟು. ಓದುವ ಕಣ್ಣು ಸುಮ್ಮನಿರುವುದು. ಆದರೆ ಯಂತ್ರವನ್ನು ‘ಕಂಬ’ ಎಂದು ಹುಡುಕಿಸಿದವರಿಗೆ ಆ ಪುಟವು ದೊರೆಯದೆ ಹೋಗಬಹುದು. ಇಲ್ಲಿ ಕ್ಷಾಮವೂ ಇಲ್ಲ, ಆಪತ್ತೂ ಇಲ್ಲ, ಇರುವುದು ಅಲಕ್ಷ್ಯವೊಂದೇ.

ಇಷ್ಟರಿಂದ ಲಕ್ಷಣವು ಸ್ಪಷ್ಟವಾಗಿರಬಹುದು. ಮನೆಯ ಮಗನೋ ಮಗಳೋ ಪುಟವೊಂದನ್ನು ಕಟ್ಟಿ ತಂದು ತೋರಿಸಿದಾಗ, ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟಿದ ಬಳಿಕ ಹಿರಿಯರು ನಾಲ್ಕು ಮಾತುಗಳನ್ನು ಕೇಳತಕ್ಕದ್ದು. ನೇರವಾದ ದಾರಿಯು ನಿಜವಾಗಿಯೂ ಇಲ್ಲವೇ, ಅಥವಾ ಹುಡುಕುವ ತಾಳ್ಮೆಯಿಲ್ಲವೇ? ಈ ಉಪಾಯದಿಂದ ಲಾಭ ನಿನಗಾಗಿ, ಕಷ್ಟವು ಕಾಣದವರಿಗೂ ಕಿರುತೆರೆಯವರಿಗೂ ಬೀಳುವುದೇ? ಇದು ತೇಪೆಯೆಂದೂ ಇಂತಹ ಕಾರಣದಿಂದ ಹಾಕಿದ್ದೆಂದೂ ಮುಂದೆ ಬರುವವರಿಗಾಗಿ ಪಕ್ಕದಲ್ಲಿ ಬರೆದಿಟ್ಟಿರುವೆಯಾ? ಅಗತ್ಯವು ತೀರಿದ ದಿನ, ಉಳಿದ ಬಟ್ಟೆ ಹರಿಯದಂತೆ ಇದನ್ನು ಬಿಚ್ಚಬಹುದೇ? ಈ ನಾಲ್ಕಕ್ಕೂ ನೆಮ್ಮದಿಯ ಉತ್ತರ ದೊರೆತರೆ ಆ ತೇಪೆಯು ಆಪದ್ಧರ್ಮವೇ ಸರಿ, ನಾಚಬೇಕಾದುದಿಲ್ಲ. ದೊರೆಯದಿದ್ದರೆ, ಪುಟವು ಎಷ್ಟೇ ಸೊಗಸಾಗಿ ಕಾಣಲಿ, ಅದರ ಸಾಲವನ್ನು ಬೇರೆಯವರು ತೀರಿಸಬೇಕಾಗುವುದು.

ಹಳೆಯ ಗಣಕಯಂತ್ರಗಳುಳ್ಳ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆಯೂ ಉಂಟು. ತಂದೆಯ ದಿನಚರಿ, ತಾಯಿಯ ಅಡಿಗೆಯ ಟಿಪ್ಪಣಿ, ವಂಶಾವಳಿ, ಹಾಡು, ಹಸೆ, ಯಾವುದೇ ಇರಲಿ, ಹಳೆಯ ಫಾಂಟಿನಲ್ಲಿ ಬರೆದುದಾಗಿದ್ದರೆ, ಬರೆದವರು ಕೇಳಿದರೆ ಹೇಳುವಷ್ಟು ಹತ್ತಿರದಲ್ಲಿರುವಾಗಲೇ ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಒಬ್ಬರು ಮೂಲವನ್ನು ಓದುತ್ತ ಮತ್ತೊಬ್ಬರು ನಕಲನ್ನು ನೋಡುತ್ತ ತಿದ್ದಿ ಇಡತಕ್ಕದ್ದು. ಎರಡು ಭಾನುವಾರಗಳ ಕೆಲಸ. ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದು ಮುಗಿದಿರಲಿ.